ದೋಣಿಯ ಡೀಸೆಲ್ ಎಂಜಿನ್ ಸದ್ದು: ಬರುವ ದಾರಿಗಳು, ತಗ್ಗಿಸುವ ಕ್ರಮ

ಕಾಸರಗೋಡು ಕರಾವಳಿಯ ಮೀನುಗಾರಿಕಾ ಬೋಟುಗಳಲ್ಲಾಗಲಿ, ನೀಲೇಶ್ವರದ ಕಡೆಯಿಂದ ವಲಿಯಪರಂಬ ಹಿನ್ನೀರಿಗೆ ಹೊರಡುವ ಹೌಸ್‌ಬೋಟುಗಳಲ್ಲಾಗಲಿ, ಡೀಸೆಲ್ ಎಂಜಿನ್‌ನ ಸದ್ದನ್ನು ಯಾರೂ ದೋಷವೆಂದು ಪರಿಗಣಿಸುವುದಿಲ್ಲ. ಎಂಜಿನ್ ಇದ್ದ ಮೇಲೆ ಸದ್ದು ಇರಲೇಬೇಕು ಎಂಬುದು ಸಾಮಾನ್ಯ ಮಾತು. ಆದರೆ ಈ ಸದ್ದಿನ ದೊಡ್ಡ ಪಾಲು ತಗ್ಗಿಸಲು ಸಾಧ್ಯವಿರುವಂಥದ್ದು. ತಗ್ಗಿಸದೆ ಬಿಟ್ಟರೆ ಅದರ ಬೆಲೆ ತೆರುವುದು ಎಂಜಿನ್‌ನ ನೆತ್ತಿಯ ಮೇಲೆಯೇ ಕುಳಿತು ದೋಣಿ ನಡೆಸುವ ತಾಂಡೇಲನ ಕಿವಿ. ಕೇರಳದಲ್ಲಿ ಸ್ರಾಂಕ್ ಎಂದು ಕರೆಯಲ್ಪಡುವವನೂ ಇವನೇ.

ಸದ್ದಿನಿಂದ ಆಗುವ ಕಿವುಡು ಒಮ್ಮೆಲೇ ಬರುವುದಿಲ್ಲ. ಮೊದಲು ಹೋಗುವುದು 4000 ಹರ್ಟ್ಸ್ ಆಸುಪಾಸಿನ ತೀಕ್ಷ್ಣ ಸ್ವರ. ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಸಿಗುವುದು ಇಂಥ ಮೇಲಿನ ಸ್ವರಗಳಿಂದಲೇ. ಹಾಗಾಗಿ "ಮಾತು ಕೇಳುತ್ತದೆ, ಏನು ಹೇಳಿದರೆಂದು ತಿಳಿಯುವುದಿಲ್ಲ" ಎಂಬ ದೂರು ಮೊದಲ ಲಕ್ಷಣ. ಒಳಗಿವಿಯಲ್ಲಿ ಸತ್ತ ರೋಮಕೋಶಗಳು ಮತ್ತೆ ಹುಟ್ಟುವುದಿಲ್ಲವಾದ್ದರಿಂದ ಇದಕ್ಕೆ ಔಷಧವಿಲ್ಲ. ಭಾರತದ ಕಾರ್ಖಾನೆ ನಿಯಮಗಳಲ್ಲಿ 8 ಗಂಟೆಯ ಕೆಲಸಕ್ಕೆ 90 ಡೆಸಿಬೆಲ್ ಮಿತಿಯಿದೆ. ಅಮೆರಿಕದ ನಿಯೋಶ್ ಸಂಸ್ಥೆ ಸೂಚಿಸುವ ಮಿತಿ 85. ಅದರ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಅವಧಿ ಅರ್ಧವಾಗುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 100ಕ್ಕೆ ಬರೇ 15 ನಿಮಿಷ. ಹಡಗುಗಳಿಗಾಗಿ ಅಂತಾರಾಷ್ಟ್ರೀಯ ಸಾಗರ ಸಂಸ್ಥೆ 2012ರಲ್ಲಿ ಅಂಗೀಕರಿಸಿ 2014ರಿಂದ ಜಾರಿಗೆ ತಂದ ಶಬ್ದ ಸಂಹಿತೆಯು ಚಾಲನಾ ಕೋಣೆಗೆ 65 ಡೆಸಿಬೆಲ್ ಮಿತಿ ಹಾಕಿದೆ. ಆದರೆ ಅದು 1600 ಟನ್ನೇಜ್‌ಗಿಂತ ಮೇಲಿನ ಹಡಗುಗಳಿಗೆ ಮಾತ್ರ. ಮೀನುಗಾರಿಕಾ ದೋಣಿ ಅದರ ವ್ಯಾಪ್ತಿಯಲ್ಲೇ ಇಲ್ಲ. ಇಲ್ಲಿ ದೋಣಿಯ ಮಾಲಿಕನೇ ನಿಯಮ.

ಮೊದಲು ಯಾವುದನ್ನು ಹಿಡಿಯಬೇಕು?

ಡೆಸಿಬೆಲ್‌ನ ಲೆಕ್ಕ ಸಾಮಾನ್ಯ ಕೂಡುವ ಕಳೆಯುವ ಲೆಕ್ಕವಲ್ಲ. 90ರ ಎರಡು ಸದ್ದು ಸೇರಿದರೆ 180 ಆಗುವುದಿಲ್ಲ, 93 ಆಗುತ್ತದೆ. ಹೊಗೆಕೊಳವೆಯ ಸದ್ದು 100, ಎಂಜಿನ್ ಮೈಯ ಸದ್ದು 90 ಇದ್ದಲ್ಲಿ ಒಟ್ಟು 100ಕ್ಕಿಂತ ತುಸುವೇ ಹೆಚ್ಚು. ಅಲ್ಲಿ ಸಾವಿರಾರು ರೂಪಾಯಿ ಸುರಿದು ಎಂಜಿನ್‌ಗೆ ಪೆಟ್ಟಿಗೆ ಕಟ್ಟಿಸಿದರೂ ಕಿವಿಗೆ ವ್ಯತ್ಯಾಸ ತಿಳಿಯದು. ಆದ್ದರಿಂದ ಅತಿ ದೊಡ್ಡ ಸದ್ದನ್ನೇ ಮೊದಲು ಹಿಡಿಯಬೇಕು. ಅದನ್ನು ಗುರುತಿಸಲು ಮೊಬೈಲ್ ಫೋನಿನ ಶಬ್ದಮಾಪಕ ಸಾಕು. ಅದರ ಅಂಕಿ ಖಚಿತವಲ್ಲದಿದ್ದರೂ ಒಂದೇ ಫೋನಿನಿಂದ, ಒಂದೇ ವೇಗದಲ್ಲಿ, ಒಂದೇ ಜಾಗದಲ್ಲಿ ನಿಂತು ಅಳೆದರೆ ಮೊದಲಿನದಕ್ಕೂ ನಂತರದ್ದಕ್ಕೂ ಹೋಲಿಕೆ ಸಿಗುತ್ತದೆ.

ಸದ್ದು ಬರುವ ದಾರಿ ಮುಖ್ಯವಾಗಿ ಮೂರು. ಹೊಗೆಕೊಳವೆಯ ಬಾಯಿಂದ, ಎಂಜಿನ್‌ನ ಮೈಯಿಂದ ಗಾಳಿಯ ಮೂಲಕ, ಹಾಗೂ ಅದರ ಕಾಲುಗಳಿಂದ ದೋಣಿಯ ಒಡಲಿಗೆ ಇಳಿಯುವ ನಡುಕವಾಗಿ. ಮೂರನೆಯದು ಕಣ್ಣಿಗೆ ಕಾಣದ ಕಾರಣ ಹೆಚ್ಚಾಗಿ ಮರೆತುಹೋಗುತ್ತದೆ.

ಹೊಗೆಕೊಳವೆ

ನೇರ ಮೇಲಕ್ಕೆ ಹೋಗುವ ಒಣ ಹೊಗೆಕೊಳವೆಯಿರುವ ಬೋಟಿನಲ್ಲಿ ಅತಿ ಹೆಚ್ಚು ಸದ್ದು ಇಲ್ಲಿಂದಲೇ. 6 ಸಿಲಿಂಡರಿನ ನಾಲ್ಕು ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 1800 ಸುತ್ತು ತಿರುಗುವಾಗ ಸೆಕೆಂಡಿಗೆ 90 ಸಲ ಹೊಗೆಯ ಹೊಡೆತ ಬೀಳುತ್ತದೆ. ಇದನ್ನು ತಗ್ಗಿಸಲು ಎಂಜಿನ್‌ನ ಸಾಮರ್ಥ್ಯಕ್ಕೆ ತಕ್ಕ ಗಾತ್ರದ ಸೈಲೆನ್ಸರ್ ಬೇಕು. ಅಗ್ಗಕ್ಕೆ ಸಿಕ್ಕಿತೆಂದು ಚಿಕ್ಕ ವಾಹನದ ಸೈಲೆನ್ಸರ್ ಬೆಸುಗೆ ಹಾಕಿದರೆ ಹೊಗೆ ಹೊರಹೋಗಲಾರದೆ ಹಿಂದೊತ್ತಡ ಏರುತ್ತದೆ. ಪರಿಣಾಮ ಕಪ್ಪು ಹೊಗೆ, ಶಕ್ತಿ ನಷ್ಟ, ಡೀಸೆಲ್ ಖರ್ಚು. ಎಂಜಿನ್ ತಯಾರಕರ ಕೈಪಿಡಿಯಲ್ಲಿ ಹಿಂದೊತ್ತಡದ ಮಿತಿ ಕೊಟ್ಟಿರುತ್ತಾರೆ, ಅದನ್ನು ಮೀರಬಾರದು. ಎಂಜಿನ್ ಮತ್ತು ಕೊಳವೆಯ ನಡುವೆ ಬಾಗುವ ಬೆಲ್ಲೋಸ್ ತುಂಡು ಹಾಕಿ, ಕೊಳವೆಯನ್ನು ಮರಕ್ಕೆ ನೇರ ಬಿಗಿಯದೆ ತೂಗುಹಾಕಿದರೆ ಕೊಳವೆಯ ನಡುಕ ಕ್ಯಾಬಿನ್ನಿಗೆ ಬರುವುದಿಲ್ಲ. ಜಾಯಿಂಟುಗಳಲ್ಲಿ ಮಸಿಯ ಗೆರೆ ಕಂಡರೆ ಅಲ್ಲಿ ಸೋರಿಕೆ ಇದೆ ಎಂದೇ ಅರ್ಥ. ಅಲ್ಲಿಂದ ಸದ್ದಿನ ಜೊತೆ ಕಾರ್ಬನ್ ಮೊನಾಕ್ಸೈಡ್ ಕೂಡ ಬರುತ್ತದೆ. ಜನ ಮಲಗುವ ಹೌಸ್‌ಬೋಟಿನಲ್ಲಿ ಇದು ಸದ್ದಿಗಿಂತ ದೊಡ್ಡ ಅಪಾಯ.

ಹೊಗೆಗೆ ತಂಪುನೀರನ್ನು ಸೇರಿಸಿ ಹೊರಬಿಡುವ ಒದ್ದೆ ವ್ಯವಸ್ಥೆ ಇನ್ನೂ ಮೌನವಾದದ್ದು. ನೀರು ಹೊಗೆಯನ್ನು ತಣಿಸಿ ಅದರ ಗಾತ್ರವನ್ನೂ ಹೊಡೆತವನ್ನೂ ಕುಗ್ಗಿಸುತ್ತದೆ. ಆದರೆ ನೀರಿನ ಮಟ್ಟಕ್ಕಿಂತ ಮೇಲೇರುವ ಬಾಗು ಮತ್ತು ನೀರು ಹಿಂದಕ್ಕೆ ಎಳೆಯದಂತೆ ತಡೆಯುವ ವಾಲ್ವ್ ಸರಿಯಾಗಿಲ್ಲದಿದ್ದರೆ ಸಮುದ್ರದ ನೀರು ಸಿಲಿಂಡರಿನೊಳಗೇ ಹೋಗಬಹುದು. ಸ್ಟಾರ್ಟ್ ಆಗದ ಎಂಜಿನ್ನನ್ನು ಮತ್ತೆ ಮತ್ತೆ ತಿರುಗಿಸಿದಾಗಲೂ ಹೀಗಾಗುತ್ತದೆ. ಅನುಭವಿ ಮೆಕ್ಯಾನಿಕ್ ಇಲ್ಲದೆ ಈ ಬದಲಾವಣೆಗೆ ಕೈಹಾಕದಿರುವುದು ಲೇಸು.

ನಡುಕ ಮತ್ತು ಶಾಫ್ಟ್

ಎಂಜಿನ್ನನ್ನು ಬೋಲ್ಟಿನಿಂದ ನೇರ ಬೆಡ್‌ಗೆ ಬಿಗಿದರೆ ಇಡೀ ದೋಣಿ ಚೆಂಡೆಯಂತೆ ಬಾರಿಸುತ್ತದೆ. ಹಗುರವಾದ ಫೈಬರ್ ದೋಣಿಯಲ್ಲಿ ಇದು ಹೆಚ್ಚು, ದಪ್ಪ ಮರದ ದೋಣಿಯಲ್ಲಿ ಕಡಿಮೆ. ರಬ್ಬರ್ ಮೌಂಟುಗಳನ್ನು ಎಂಜಿನ್‌ನ ತೂಕ ನೋಡಿಯೇ ಆರಿಸಬೇಕು. ತೀರಾ ಗಟ್ಟಿಯಾದ ರಬ್ಬರ್ ಇದ್ದೂ ಇಲ್ಲದಂತೆ. ಡೀಸೆಲ್, ಎಣ್ಣೆ ಬಿದ್ದ ರಬ್ಬರ್ ಉಬ್ಬಿ ಸತ್ವ ಕಳೆದುಕೊಳ್ಳುತ್ತದೆ. ಮೌಂಟ್ ಹಾಕಿದ ಮೇಲೆ ಎಂಜಿನ್ ಅಲುಗಾಡುವುದರಿಂದ ಶಾಫ್ಟಿಗೆ ಬಾಗುವ ಕಪ್ಲಿಂಗ್ ಬೇಕು, ಡೀಸೆಲ್ ಮತ್ತು ನೀರಿನ ಪೈಪುಗಳಿಗೂ ಮೆದು ಹೋಸ್ ಬೇಕು.

ಬಾಗುವ ಕಪ್ಲಿಂಗ್ ಇದೆಯೆಂದು ಅಲೈನ್‌ಮೆಂಟ್ ಬಿಡುವಂತಿಲ್ಲ. ಕಪ್ಲಿಂಗಿನ ಬೋಲ್ಟ್ ಬಿಚ್ಚಿ, ಎರಡು ಫ್ಲ್ಯಾಂಜ್ ಮುಖಗಳನ್ನು ಹತ್ತಿರ ತಂದು, ಮೇಲೆ, ಕೆಳಗೆ, ಎರಡು ಬದಿಗಳಲ್ಲಿ ಫೀಲರ್ ಗೇಜ್ ತೂರಿಸಿ ನೋಡಬೇಕು. 100 ಮಿಲಿಮೀಟರ್ ಅಗಲದ ಫ್ಲ್ಯಾಂಜಿಗೆ ವ್ಯತ್ಯಾಸ 0.1 ಮಿಲಿಮೀಟರ್ ಮೀರಬಾರದೆಂಬುದು ರೂಢಿಯ ಲೆಕ್ಕ. ಈ ಪರೀಕ್ಷೆ ದಡದ ಮೇಲೆ ಮಾಡಿದರೆ ಸಾಲದು. ನೀರಿಗಿಳಿದ ಮೇಲೆ ಮರದ ಒಡಲು ಸ್ವಲ್ಪ ಆಕಾರ ಬದಲಿಸುತ್ತದೆ, ಹಾಗಾಗಿ ಒಂದೆರಡು ದಿನ ತೇಲಿದ ನಂತರ ಮತ್ತೊಮ್ಮೆ ನೋಡಬೇಕು. ಖರ್ಚಿಲ್ಲದೆ ಇಷ್ಟು ಸದ್ದು ಇಳಿಸುವ ಬೇರೆ ಕೆಲಸ ಬಹುಶಃ ಇಲ್ಲ. ಬಾಗಿದ ಪ್ರೊಪೆಲ್ಲರ್ ರೆಕ್ಕೆ, ಸವೆದ ಸ್ಟರ್ನ್ ಬೇರಿಂಗ್, ಅದಕ್ಕೆ ಸುತ್ತಿಕೊಂಡ ಬಲೆಯ ತುಂಡು ಕೂಡ ಎಂಜಿನ್‌ನ ಸದ್ದೆಂದೇ ಭಾಸವಾಗುತ್ತವೆ. ರೆಕ್ಕೆಯ ತುದಿಗೂ ಒಡಲಿಗೂ ನಡುವೆ ಪ್ರೊಪೆಲ್ಲರ್ ವ್ಯಾಸದ ಶೇ. 10ರಿಂದ 15ರಷ್ಟು ಜಾಗ ಇರಬೇಕು.

ಪೆಟ್ಟಿಗೆ

ಮೇಲಿನ ಎರಡೂ ಆದ ಮೇಲೆ ಎಂಜಿನ್ ಕೋಣೆಯ ಸರದಿ. ಥರ್ಮಾಕೋಲ್, ಮೊಟ್ಟೆಯ ಟ್ರೇ ಅಂಟಿಸಿ ಫಲ ಬಯಸುವುದು ವ್ಯರ್ಥ. ಥರ್ಮಾಕೋಲ್ ಶಾಖ ತಡೆಯುತ್ತದೆಯೇ ಹೊರತು ಸದ್ದನ್ನಲ್ಲ, ಜೊತೆಗೆ ಬೆಂಕಿಗೆ ಬೇಗ ತುತ್ತಾಗುತ್ತದೆ. ಮೇಲೆ ಹೇಳಿದ 90 ಹರ್ಟ್ಸ್ ಸದ್ದಿನ ಅಲೆಯ ಉದ್ದ ಸುಮಾರು 3.8 ಮೀಟರ್. ಎರಡಿಂಚು ಫೋಮ್ ಅದನ್ನು ನುಂಗಲಾರದು. ಗುಡುಗುಡು ಸದ್ದು ನಿಲ್ಲಲು ಬೇಕಾಗಿರುವುದು ತೂಕ. ಗೋಡೆಯ ತೂಕ ಇಮ್ಮಡಿಸಿದರೆ ಸುಮಾರು 6 ಡೆಸಿಬೆಲ್ ಲಾಭ. ಹಿಂದೆ ಸೀಸದ ಹಾಳೆ ಬಳಸುತ್ತಿದ್ದರು, ಈಗ ಖನಿಜ ಪುಡಿ ತುಂಬಿದ ಭಾರದ ವಿನೈಲ್ ಹಾಳೆ ಬಂದಿದೆ. ಅದರ ಎರಡೂ ಬದಿ ಬೆಂಕಿ ತಡೆಯುವ ಫೋಮ್, ಎಣ್ಣೆ ಹೀರದಂತೆ ಒಳಮುಖಕ್ಕೆ ಅಲ್ಯೂಮಿನಿಯಂ ಹೊದಿಕೆ ಇರುವ ಪದರವೇ ಸರಿಯಾದದ್ದು.

ಸಂದುಗಳ ವಿಚಾರ ಅತಿ ಮುಖ್ಯ. ಪೆಟ್ಟಿಗೆಯ ಮೈಯಲ್ಲಿ ನೂರರಲ್ಲಿ ಒಂದು ಪಾಲು ತೆರೆದಿದ್ದರೂ, ಗೋಡೆ ಎಷ್ಟೇ ದಪ್ಪವಿರಲಿ, 20 ಡೆಸಿಬೆಲ್‌ಗಿಂತ ಹೆಚ್ಚು ತಗ್ಗುವುದಿಲ್ಲ. ಮುಚ್ಚಳದ ಅಂಚಿಗೆ ರಬ್ಬರ್ ಪಟ್ಟಿ, ಪೈಪು ಹೋಗುವ ತೂತುಗಳಿಗೆ ಬಿಗಿ ಹೊದಿಕೆ ಬೇಕು. ಹಾಗೆಂದು ಗಾಳಿಯ ದಾರಿ ಮುಚ್ಚಿದರೆ ಎಂಜಿನ್ ಉಸಿರುಗಟ್ಟಿ ಕಾಯುತ್ತದೆ. ಒಳಗೆ ಫೋಮ್ ಹಾಸಿದ, ಒಂದೆರಡು ತಿರುವುಳ್ಳ ಗಾಳಿಗೂಡು ಮಾಡಿದರೆ ಗಾಳಿ ಬರುತ್ತದೆ, ಸದ್ದು ನೇರ ಹೊರಬರುವುದಿಲ್ಲ. ಬಿದಿರು ಮತ್ತು ಚಾಪೆಯಿಂದ ಮೇಲ್ಕಟ್ಟು ಮಾಡಿದ ಹೌಸ್‌ಬೋಟಿನಲ್ಲಿ ಕೋಣೆಯ ಗೋಡೆ ಸದ್ದನ್ನು ತಡೆಯದು. ಅಲ್ಲಿ ತಡೆ ಎಂಜಿನ್ ಬಳಿಯೇ ಆಗಬೇಕು.

ಹಳೆಯ ಎಂಜಿನ್‌ಗೆ ಟ್ಯಾಪೆಟ್ ಸಂದು ಸರಿಪಡಿಸಿ, ಇಂಜೆಕ್ಟರ್ ನಾಝಲ್ ಮತ್ತು ಪಂಪಿನ ಟೈಮಿಂಗ್ ಪರೀಕ್ಷಿಸಿದರೆ ಕಟಕಟ ಬಡಿತ ಕಡಿಮೆಯಾಗುವುದುಂಟು. ಕೇರಳದಲ್ಲಿ ಟ್ರಾಲಿಂಗ್ ಬೋಟುಗಳಿಗೆ ಮಳೆಗಾಲದ 52 ದಿನಗಳ ನಿಷೇಧಾವಧಿ ಇಂಥ ಕೆಲಸಕ್ಕೆ ಸಿಗುವ ಬಿಡುವು. ಅಲೈನ್‌ಮೆಂಟಿನ ಕೊನೆಯ ಪರೀಕ್ಷೆ ಮಾತ್ರ ಬೋಟು ನೀರಿಗಿಳಿದ ಮೇಲಿನದು.

ಇಷ್ಟೆಲ್ಲಾ ಮಾಡಿದರೂ ಎಂಜಿನ್ ಕೋಣೆಯೊಳಗೆ ಇಳಿಯುವವನಿಗೆ ಇಯರ್‌ಮಫ್ ಬೇಕೇ ಬೇಕು, ಏಕೆಂದರೆ ಪೆಟ್ಟಿಗೆ ರಕ್ಷಿಸುವುದು ಹೊರಗಿನವರನ್ನು. ಹತ್ತಿ ತುರುಕಿಕೊಂಡರೆ ಸಾಲದು. ಇಯರ್‌ಪ್ಲಗ್ ಮತ್ತು ಮಫ್ ಎರಡನ್ನೂ ಒಟ್ಟಿಗೆ ಹಾಕಿದರೆ ಅವುಗಳ ಅಂಕಿ ಕೂಡುವುದಿಲ್ಲ, ಹೆಚ್ಚಿನ ಅಂಕಿಯ ಮೇಲೆ ಸುಮಾರು 5 ಡೆಸಿಬೆಲ್ ಮಾತ್ರ ಲಾಭ. ಚುಕ್ಕಾಣಿ ಹಿಡಿದವನು ಮಾತ್ರ ಮಫ್ ಹಾಕಿ ಕೂರಬಾರದು. ಬೇರೆ ಬೋಟಿನ ಹಾರ್ನ್, ವೈರ್‌ಲೆಸ್ಸಿನ ಕರೆ ಕೇಳಬೇಕಾದವನು ಅವನೇ.