ಎಳೆಯ ಬೇಟೆಗಾರನ ಮೊದಲ ಬಂದೂಕು

ಬೇಟೆಗೆ ಹೊಸದಾಗಿ ಇಳಿಯುವ ಹುಡುಗನ ಕೈಗೆ ಎಂಥ ಬಂದೂಕನ್ನು ಕೊಡಬೇಕು, ಅದರ ನಳಿಗೆಯ ಅಳತೆ ಎಷ್ಟಿರಬೇಕು ಎಂಬ ವಿಷಯವಾಗಿ ಮಾತನಾಡುತ್ತೇನೆಂದು ಹೇಳಿದಾಗ ನನ್ನ ಮಿತ್ರರೊಬ್ಬರು ಹುಬ್ಬೇರಿಸಿದರು. ಅವರ ಆಶ್ಚರ್ಯ ಸಹಜವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ನಮ್ಮಲ್ಲಿ ಹವ್ಯಾಸದ ಬೇಟೆಯೆಂಬುದು ಮುಗಿದ ಅಧ್ಯಾಯ. ಅದು ಮುಗಿದದ್ದು ಒಳ್ಳೆಯದೇ ಆಯಿತೆಂದು ನಂಬಿದವರಲ್ಲಿ ನಾನೂ ಒಬ್ಬ. ನಾನು ಬೇಟೆಗಾರನಲ್ಲ, ಇತಿಹಾಸವನ್ನು ಓದಿಕೊಂಡವನು. ಆದರೆ ಹಳೆಯ ಬೇಟೆಗಾರರು ಬರೆದಿಟ್ಟ ಪುಸ್ತಕಗಳನ್ನು ಓದುತ್ತ ಹೋದಂತೆ, ಈ ಪ್ರಶ್ನೆ ಕೇವಲ ಕಬ್ಬಿಣ ಮತ್ತು ಮದ್ದಿಗೆ ಸಂಬಂಧಿಸಿದ್ದಲ್ಲವೆಂದು ನನಗೆ ತೋರಿತು. ಹುಡುಗನ ಹೆಗಲಿನ ಅಂಜಿಕೆಯೊಂದು ಕಡೆ, ಗುರಿ ತಪ್ಪಿದ ಗುಂಡಿನಿಂದ ಗಾಯಗೊಂಡು ನರಳುವ ಮೃಗ ಇನ್ನೊಂದು ಕಡೆ. ಇವೆರಡರ ನಡುವಿನ ಲೆಕ್ಕಾಚಾರವದು. ಆ ಲೆಕ್ಕ ತಪ್ಪಿದಾಗ ಕೆಲವೊಮ್ಮೆ ಇಡೀ ಸೀಮೆಯೇ ದಂಡ ತೆತ್ತಿದೆ.

ಮೊದಲು ಅಳತೆಯ ಮಾತು. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ ಓದಿದವರಿಗೆ, ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನರ ಕಾಡಿನ ಕಥೆಗಳನ್ನು ಓದಿದವರಿಗೆ ಕೇಪಿನ ಕೋವಿ, ತೋಟಾ ಕೋವಿ, ಜೋಡುನಳಿಗೆ ಎಂಬ ಮಾತುಗಳು ಹೊಸವಲ್ಲ. ಇವುಗಳ ಅಳತೆಯನ್ನು ಹಿಂದಿನವರು ವಿಚಿತ್ರವಾದ ರೀತಿಯಲ್ಲಿ ಹೇಳುತ್ತಿದ್ದರು. ಒಂದು ಪೌಂಡು ಸೀಸವನ್ನು ಹನ್ನೆರಡು ಸಮನಾದ ಉಂಡೆಗಳಾಗಿ ಎರಕ ಹೊಯ್ದರೆ, ಅಂಥ ಒಂದು ಉಂಡೆ ಸರಿಯಾಗಿ ಹೊಗುವ ನಳಿಗೆ ಹನ್ನೆರಡನೆಯ ನಂಬರಿನದು. ನಾಲ್ಕೇ ಉಂಡೆಗಳಾಗಿ ಹೊಯ್ದರೆ ನಾಲ್ಕನೆಯ ನಂಬರಿನದು. ಹೀಗಾಗಿ ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ನಾಲ್ಕನೆಯ ನಂಬರಿನ ಕೋವಿಯ ನಳಿಗೆ ಒಂದು ಅಂಗುಲಕ್ಕಿಂತ ಅಗಲ, ಅದರ ಒಂದು ಗುಂಡು ಕಾಲು ಪೌಂಡು. ಒಳಗೆ ಸುರುಳಿ ಗೀರುಗಳಿರುವ ರೈಫಲ್ಲುಗಳು ಬಳಕೆಗೆ ಬಂದ ಮೇಲೆ ಅಂಗುಲದ ದಶಾಂಶದಲ್ಲಿ ಹೇಳುವ ಪದ್ಧತಿ ನೆಲೆಗೊಂಡಿತು: .450, .303, .275 ಹೀಗೆ. ಅದರಲ್ಲಿಯೂ ನಿಖರತೆಯಿಲ್ಲ. .275 ಎಂದು ಕರೆಯುವ ಬಂದೂಕಿನ ಗುಂಡಿನ ನಿಜವಾದ ಅಡ್ಡಳತೆ .284 ಅಂಗುಲ! ಬಂದೂಕು ತಯಾರಿಸುವವರು ಹೆಸರಿಡುವಾಗ ಗಣಿತಕ್ಕಿಂತ ವ್ಯಾಪಾರವನ್ನೇ ಹೆಚ್ಚು ನೆನೆದಂತೆ ಕಾಣುತ್ತದೆ.

ಇನ್ನು ಒಬ್ಬ ಹುಡುಗನ ಕಥೆ. 1871ರಲ್ಲಿ ಫ್ರೆಡರಿಕ್ ಸೆಲೂಸ್ ಎಂಬ ಇಂಗ್ಲಿಷ್ ತರುಣ ದಕ್ಷಿಣ ಆಫ್ರಿಕದ ದಡದಲ್ಲಿ ಇಳಿದ. ವಯಸ್ಸು ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಮರುವರ್ಷ ಬುಲವಾಯೊದಲ್ಲಿ ಎಂಡೆಬೆಲೆ ಜನರ ಅರಸನಾದ ಲೊಬೆಂಗುಲನ ಮುಂದೆ ನಿಂತು ಆನೆ ಬೇಟೆಗೆ ಅಪ್ಪಣೆ ಬೇಡಿದಾಗ, ಈ ಮೀಸೆ ಮೂಡದ ಹುಡುಗ ಚಿಗರೆಮರಿಯ ಬೇಟೆಗೆ ಬಂದಿರಬೇಕೆಂದು ಅರಸ ನಕ್ಕನಂತೆ. ನಕ್ಕು ಅಪ್ಪಣೆಯನ್ನೂ ಕೊಟ್ಟ. ಊರಿನಿಂದ ತಂದಿದ್ದ ಒಳ್ಳೆಯ ಜೋಡುನಳಿಗೆಯ ರೈಫಲ್ ಕಳುವಾಗಿದ್ದುದರಿಂದ ಸೆಲೂಸನ ಕೈಯಲ್ಲಿ ಇದ್ದದ್ದು ಅಗ್ಗದ ಬೆಲೆಗೆ ಕೊಂಡ, ಬಾಯಿಯಿಂದ ಮದ್ದು ತುಂಬುವ ನಾಲ್ಕನೆಯ ನಂಬರಿನ ಕೋವಿಗಳು. ಸೊಂಟದ ಚರ್ಮದ ಚೀಲಕ್ಕೆ ಕೈಹಾಕಿ ಬಿಡಿ ಮದ್ದನ್ನು ಹಿಡಿಯಿಂದ ಸುರಿದು, ಕಾಲು ಪೌಂಡಿನ ಗುಂಡನ್ನು ತಳ್ಳಿ, ಕಾಲ್ನಡೆಯಲ್ಲಿ ಆನೆಯ ಹಿಂದೆ ಓಡುವುದು ಅವನ ಕ್ರಮ. ಮೂರು ಋತುಗಳಲ್ಲಿ ಎಪ್ಪತ್ತೆಂಟು ಆನೆಗಳನ್ನು ಹೀಗೆ ಕೊಂದ. ಒಮ್ಮೆ ಕೋವಿ ಹಾರದೆ ಹೋದಾಗ ಸಹಾಯಕ ಅದನ್ನರಿಯದೆ ಅದೇ ನಳಿಗೆಗೆ ಎರಡನೆಯ ಈಡನ್ನೂ ತುಂಬಿಬಿಟ್ಟ. ಕುದುರೆ ಎಳೆದೊಡನೆ ಸೆಲೂಸ್ ನೆಲಬಿಟ್ಟು ಹಿಂದಕ್ಕೆ ಹಾರಿಬಿದ್ದ, ಕೆನ್ನೆ ಸೀಳಿತು, ಕೋವಿ ಎಲ್ಲಿಯೋ ಹೋಗಿ ಬಿತ್ತು.

ಈ ಪ್ರಸಂಗ ಕೇಳಲು ವಿನೋದವಾಗಿದೆ. ಆದರೆ ಸೆಲೂಸ್ ಮುಂದೆ ಪ್ರಸಿದ್ಧನಾಗಿ ತನ್ನ ಅನುಭವಗಳನ್ನು ಬರೆದಾಗ ಈ ಕೋವಿಗಳನ್ನು ಎಂದಾದರೂ ಮುಟ್ಟಿದ್ದಕ್ಕೆ ಪರಿತಪಿಸಿದ. ಅವು ಒದೆದ ಒದೆತಕ್ಕೆ ಅವನ ನರಗಳು ಸಡಿಲಗೊಂಡವು. ಅನಂತರ ಎಷ್ಟು ಹಗುರವಾದ ರೈಫಲ್ ಹಿಡಿದರೂ ಆ ಪರಿಣಾಮ ಅವನ ಗುರಿಯನ್ನು ಬಿಡಲಿಲ್ಲವಂತೆ. ಆ ಕಾಲದ ಆಫ್ರಿಕದ ಅತ್ಯಂತ ಹೆಸರಾಂತ ಬೇಟೆಗಾರ ಸ್ವತಃ ಇದನ್ನು ಹೇಳಿಕೊಂಡಿದ್ದಾನೆಂಬುದನ್ನು ಗಮನಿಸಬೇಕು.

ಕಾರಣ ಸರಳವಾದದ್ದು. ಗುಂಡು ಮುಂದಕ್ಕೆ ಚಿಮ್ಮಿದಷ್ಟೇ ರಭಸದ ತಳ್ಳು ಹಿಂದಕ್ಕೂ ಇರಬೇಕೆಂಬುದು ನ್ಯೂಟನ್ನನ ನಿಯಮ. ಬಂದೂಕು ಹಗುರವಾದಷ್ಟೂ, ಗುಂಡು ಮತ್ತು ಮದ್ದು ಭಾರವಾದಷ್ಟೂ ಹೆಗಲಿಗೆ ಪೆಟ್ಟು ಹೆಚ್ಚು. ಇಂದಿನ ಅಳತೆಯಲ್ಲಿ ಹೇಳುವುದಾದರೆ, ಏಳೆಂಟು ಪೌಂಡು ತೂಕದ .243 ರೈಫಲ್ ಸುಮಾರು ಹತ್ತು ಅಡಿ-ಪೌಂಡಿನಷ್ಟು ಒದೆಯುತ್ತದೆ; .30-06 ಅದರ ಇಮ್ಮಡಿ. ಆನೆ ಕಾಡೆಮ್ಮೆಗಳಿಗೆಂದು ಮಾಡಿದ.375 ಅದಕ್ಕಿಂತ ತುಸು ಭಾರವಾಗಿದ್ದರೂ ನಾಲ್ಕು ಮಡಿಗೆ ಹತ್ತಿರ. ಪೆಟ್ಟನ್ನು ದೇಹ ತಡೆದುಕೊಳ್ಳಬಲ್ಲದು, ಮನಸ್ಸು ಮರೆಯಲೊಲ್ಲದು. ಎರಡು ಬಾರಿ ಒದೆಸಿಕೊಂಡ ಹುಡುಗ ಮೂರನೆಯ ಬಾರಿ ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾನೆ, ಹೆಗಲನ್ನು ಹಿಂದಕ್ಕೆಳೆದುಕೊಳ್ಳುತ್ತಾನೆ. ಆ ಕ್ಷಣಾರ್ಧದಲ್ಲಿ ನಳಿಗೆಯ ತುದಿ ಕೂದಲೆಳೆಯಷ್ಟು ಕದಲಿದರೂ ನೂರು ಗಜದಾಚೆ ಎದೆಗೆ ತಾಗಬೇಕಾದ ಗುಂಡು ಹೊಟ್ಟೆಗೆ ತಾಗುತ್ತದೆ, ಅಥವಾ ದವಡೆಗೆ.

ದವಡೆ ಎಂದೆ. ಕುಮಾವೋನಿನ ಚಂಪಾವತದ ಹೆಣ್ಣುಹುಲಿಯನ್ನು ಜಿಮ್ ಕಾರ್ಬೆಟ್ 1907ರಲ್ಲಿ ಕೊಂದಾಗ ಅದರ ಬಲಗಡೆಯ ಮೇಲಿನ ಮತ್ತು ಕೆಳಗಿನ ಕೋರೆಹಲ್ಲುಗಳೆರಡೂ ಮುರಿದಿದ್ದವು. ಅದು ಹಳೆಯ ಗುಂಡಿನ ಗಾಯ. ಸಹಜವಾದ ಬೇಟೆಯನ್ನು ಹಿಡಿಯಲಾರದೆ ಆ ಹುಲಿ ಮನುಷ್ಯರ ಮೇಲೆ ತಿರುಗಿತೆಂದು ಕಾರ್ಬೆಟ್ ತೀರ್ಮಾನಿಸಿದರು. ನೇಪಾಳದಲ್ಲಿಯೂ ಕುಮಾವೋನಿನಲ್ಲಿಯೂ ಸೇರಿ ಅದು ಕೊಂದವರ ಸಂಖ್ಯೆ 436 ಎಂದು ಅವರು ಬರೆದಿದ್ದಾರೆ. ಯಾರೋ ಎಂದೋ ಹಾರಿಸಿ, ಹುಲಿ ತಪ್ಪಿಸಿಕೊಂಡಿತೆಂದು ಮನೆಗೆ ಹೋಗಿ ಮಲಗಿದ ಒಂದು ಗುಂಡು! ಹಾರಿಸಿದವನು ಹರೆಯದವನೋ ಮುದುಕನೋ, ಅವನ ಬಂದೂಕು ಯಾವುದೋ, ಇತಿಹಾಸದಲ್ಲಿ ಉಳಿದಿಲ್ಲ. ಹುಲ್ಲು ಸೌದೆ ತರಲು ಹೋಗಿ ಹಿಂದಿರುಗದ ಹೆಂಗಸರ ಲೆಕ್ಕ ಮಾತ್ರ ಉಳಿದಿದೆ.

ಕಾರ್ಬೆಟ್ಟರ ಸ್ವಂತ ಕಲಿಕೆ ಶಾಸ್ತ್ರೋಕ್ತವಾಗಿ ನಡೆಯಲಿಲ್ಲ. ಬಾಲ್ಯದಲ್ಲಿ ಅವರಿಗೆ ದೊರೆತ ಮೊದಲ ಕೋವಿ ಒಂದು ನಳಿಗೆ ಸೀಳಿದ, ಹಿಡಿಯನ್ನು ಹಿತ್ತಾಳೆಯ ತಂತಿಯಿಂದ ಬಿಗಿದ ಹಳೆಯ ಜೋಡುನಳಿಗೆ. ಹತ್ತನೆಯ ವಯಸ್ಸಿಗೆ ನೈನಿತಾಲಿನ ಶಾಲಾ ಕೆಡೆಟ್ಟಾಗಿ .450 ಮಾರ್ಟಿನಿ ಬಂದೂಕು ಹಿಡಿದರು. ಒದೆಯುವುದಕ್ಕೆ ಹೆಸರಾದ ಬಂದೂಕದು. ಹುಡುಗರನ್ನು ಹಾಗೆ ತರಬೇತು ಮಾಡಬಹುದೆಂದು ಕಾರ್ಬೆಟ್ಟರನ್ನು ತೋರಿಸಿ ವಾದಿಸುವವರಿದ್ದಾರೆ. ಎಲ್ಲ ಹುಡುಗರೂ ಕಾರ್ಬೆಟ್ ಆಗಲಿಲ್ಲವೆಂಬುದೇ ಅದಕ್ಕೆ ಸಾಕಾದ ಉತ್ತರವೆಂದು ನನಗೆ ತೋರುತ್ತದೆ.

ಅಷ್ಟರಲ್ಲಿ ಬಂದೂಕಿನ ಜಗತ್ತೇ ಬದಲಾಗಿತ್ತು. 1880ರ ದಶಕದಲ್ಲಿ ಫ್ರಾನ್ಸಿನಲ್ಲಿ ಹೊಗೆಯಿಲ್ಲದ ಮದ್ದು ಸಿದ್ಧವಾಯಿತು. ಕಪ್ಪು ಮದ್ದಿಗಿಂತ ಎಷ್ಟೋ ಬಲವಾದ ಈ ಮದ್ದಿನಿಂದ ಸಣ್ಣ, ಉದ್ದನೆಯ ಗುಂಡನ್ನು ಬಹು ವೇಗವಾಗಿ ಕಳಿಸಬಹುದಾಯಿತು. ಜರ್ಮನಿಯ ಮೌಸರ್ ಕಾರ್ಖಾನೆಯ 7 ಮಿಲಿಮೀಟರಿನ ತೋಟಾವನ್ನು ಸ್ಪೇನ್ ದೇಶದ ಸೈನ್ಯ 1893ರಲ್ಲಿ ಸ್ವೀಕರಿಸಿತು. 1898ರಲ್ಲಿ ಕ್ಯೂಬಾದಲ್ಲಿ ಅಮೆರಿಕನ್ನರೂ, ಮರುವರ್ಷದಿಂದ ದಕ್ಷಿಣ ಆಫ್ರಿಕದಲ್ಲಿ ಬ್ರಿಟಿಷರೂ ಅದರ ರುಚಿಯನ್ನು ಕಂಡರು. ಶತ್ರುವಿನ ಈ ತೋಟಾವನ್ನೇ ಲಂಡನ್ನಿನ ರಿಗ್ಬಿ ಎಂಬ ಬಂದೂಕು ಸಂಸ್ಥೆ .275 ಎಂಬ ಇಂಗ್ಲಿಷ್ ಹೆಸರಿನಿಂದ ಬೇಟೆಗಾರರಿಗೆ ಮಾರಿತು. ಚಂಪಾವತದ ಹುಲಿಯನ್ನು ಕೊಂದದ್ದಕ್ಕಾಗಿ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ಹೆವೆಟ್ ಕಾರ್ಬೆಟ್ಟರಿಗೆ ಬಹುಮಾನವಾಗಿ ಕೊಟ್ಟದ್ದು ಇದೇ .275 ರಿಗ್ಬಿಯನ್ನು. ಇಂದಿಗೂ ಹೊಸ ಬೇಟೆಗಾರರಿಗೆ ಈ ತೋಟಾವನ್ನು ಹೇಳುವವರುಂಟು. ಒದೆತ ಸೌಮ್ಯ, ಗುಂಡು ಆಳಕ್ಕಿಳಿಯುತ್ತದೆ.

ಎಷ್ಟು ಆಳಕ್ಕೆಂಬುದನ್ನು ಸ್ಕಾಟ್ಲೆಂಡಿನ ಡಬ್ಲ್ಯೂ.ಡಿ.ಎಂ. ಬೆಲ್ ತೋರಿಸಿದ. ಈತ ಕೊಂದ ಆನೆಗಳು ಸಾವಿರಕ್ಕೂ ಹೆಚ್ಚು; ಅದರಲ್ಲಿ ಬಹುಪಾಲು ಈ ಸಣ್ಣ ರೈಫಲ್ಲಿನಿಂದ. ಸಂಖ್ಯೆಯನ್ನು ಕೇಳಿದಾಗ ಇಂದು ನಮಗೆ ಹೇಸಿಗೆಯಾಗುತ್ತದೆ, ಆಗಬೇಕಾದದ್ದೇ. ಆದರೆ ಅವನ ಕ್ರಮದಲ್ಲಿ ಒಂದು ಶಾಸ್ತ್ರವಿತ್ತು. ಆನೆಯ ತಲೆಬುರುಡೆಯನ್ನು ಗರಗಸದಿಂದ ಕೊಯ್ದು, ಮಿದುಳು ಎಲ್ಲಿದೆ, ಯಾವ ಕೋನದಿಂದ ಅದಕ್ಕೆ ದಾರಿಯಿದೆ ಎಂದು ಅವನು ಅಭ್ಯಾಸ ಮಾಡಿದ್ದ. ಅವನನ್ನು ಅನುಕರಿಸಿ ಸಣ್ಣ ಬಂದೂಕು ಹಿಡಿದವರೆಲ್ಲರೂ ಈ ಅಭ್ಯಾಸವನ್ನು ಮಾಡಿರಲಿಲ್ಲ.

ಹಾಗೆಂದು ಚಿಕ್ಕದೆಲ್ಲವೂ ಕ್ಷೇಮವಲ್ಲ. 1911ರಲ್ಲಿ ಬ್ರಿಟಿಷ್ ವಿದೇಶಾಂಗ ಮಂತ್ರಿ ಸರ್ ಎಡ್ವರ್ಡ್ ಗ್ರೇಯ ತಮ್ಮ ಜಾರ್ಜ್ ಗ್ರೇ ಪೂರ್ವ ಆಫ್ರಿಕದಲ್ಲಿ ಸಿಂಹದ ಬಾಯಿಗೆ ಸಿಕ್ಕಿದ. ಪಳಗಿದ ಬೇಟೆಗಾರನಾತ. ಕೈಯಲ್ಲಿ ಇದ್ದದ್ದು .280 ರಾಸ್, ಅಂದಿನ ಅತಿ ವೇಗದ ರೈಫಲ್ಲುಗಳಲ್ಲೊಂದು. ಮೈಮೇಲೆ ಎರಗುವ ಸಿಂಹವನ್ನು ಅದರ ಗುಂಡುಗಳು ತಡೆಯಲಿಲ್ಲ; ಗ್ರೇ ಕೆಲವು ದಿನಗಳಲ್ಲಿ ನೈರೋಬಿಯಲ್ಲಿ ತೀರಿಕೊಂಡ. ಅತಿವೇಗದ ಹಗುರ ಗುಂಡು ತಾಗಿದೊಡನೆ ಮೇಲ್ಭಾಗದಲ್ಲಿಯೇ ಚೂರಾದರೆ ಒಳಗೆ ಇಳಿಯುವುದಿಲ್ಲ. ಇಂಥ ಅನುಭವಗಳಿಂದಲೇ ಆಫ್ರಿಕದ ಹಲವು ದೇಶಗಳು ಅಪಾಯದ ಮೃಗಗಳಿಗೆ .375ಕ್ಕಿಂತ ಕಡಿಮೆಯದನ್ನು ಬಳಸಕೂಡದೆಂದು ಕಾನೂನು ಮಾಡಿದವು.

ನಮ್ಮ ದೇಶದಲ್ಲಿ ಅಳತೆಯನ್ನು ಬೇಟೆಗಾರನಿಗಿಂತ ಹೆಚ್ಚಾಗಿ ಸರ್ಕಾರವೇ ಆರಿಸಿತೆಂಬುದು ಇತಿಹಾಸದ ಒಂದು ವಿನೋದ. ಸೈನ್ಯದ ಮಾರ್ಟಿನಿ ಬಂದೂಕುಗಳು .450 ಅಳತೆಯವು, ಆ ತೋಟಾಗಳು ದಂಗೆಯೇಳುವವರ ಕೈಸೇರಬಾರದೆಂದು 20ನೆಯ ಶತಮಾನದ ಮೊದಲ ದಶಕದಲ್ಲಿ ಆ ಅಳತೆಯನ್ನೇ ಭಾರತದಲ್ಲಿ ನಿಷೇಧಿಸಿದರು. ಒಡನೆಯೇ ಇಂಗ್ಲೆಂಡಿನ ತಯಾರಕರು .465, .470, .475 ಎಂದು ಕೂದಲೆಳೆಯ ವ್ಯತ್ಯಾಸದ ಹೊಸ ಬಂದೂಕುಗಳನ್ನು ತಂದು ಮಹಾರಾಜರಿಗೆ ಮಾರಿದರು. ಸೈನ್ಯದ್ದಾದ .303 ಕೂಡ ಸಾಮಾನ್ಯ ಪರವಾನಗಿಗೆ ನಿಲುಕದೆ ಉಳಿಯಿತು. ಸ್ವಾತಂತ್ರ್ಯಾನಂತರ ನಮ್ಮ ಸರ್ಕಾರಿ ಕಾರ್ಖಾನೆ ತಯಾರಿಸಿದ .315 ರೈಫಲ್ ಹಲವರ ಮನೆ ಸೇರಿದ್ದಕ್ಕೆ ಅದರ ಗುಣಕ್ಕಿಂತ ಅದಕ್ಕಿದ್ದ ಅನುಮತಿಯೇ ಮುಖ್ಯ ಕಾರಣ. ಬೆಂಗಳೂರಿನ ಕೆನೆತ್ ಆಂಡರ್ಸನ್ ಜೀವಮಾನವಿಡೀ ನೆಚ್ಚಿದ್ದು ಅಮೆರಿಕದ .405 ವಿಂಚೆಸ್ಟರನ್ನು. 1909ರಲ್ಲಿ ಆಫ್ರಿಕಕ್ಕೆ ಹೋದ ಮಾಜಿ ರಾಷ್ಟ್ರಾಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಸಿಂಹಗಳಿಗೆಂದು ಮೆಚ್ಚಿಕೊಂಡ ಬಂದೂಕೂ ಅದೇ. ಹೆಗಲಿಗೆ ಅದು ಕರುಣೆ ತೋರುವ ಬಂದೂಕಲ್ಲ.

ಬೇಟೆ ಇನ್ನೂ ಕಾನೂನುಬದ್ಧವಾಗಿರುವ ದೇಶಗಳಲ್ಲಿ ಈ ಚರ್ಚೆ ಇಂದಿಗೂ ನಿಂತಿಲ್ಲ. ಅಮೆರಿಕದಲ್ಲಿ ಅದಕ್ಕೆ ಇಬ್ಬರು ಮಹಾವಾದಿಗಳಿದ್ದರು. ಎಲ್ಮರ್ ಕೀತ್ ಭಾರವಾದ ಗುಂಡಿನ ಪಕ್ಷಪಾತಿ. ಕೆಲಕಾಲ ಅರಿಜೋನ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಕಲಿಸಿದ ಜ್ಯಾಕ್ ಓಕಾನರ್ ಹಗುರವಾದ .270ರ ಪ್ರಚಾರಕ, ಗುಂಡು ಎಷ್ಟು ದಪ್ಪವೆಂಬುದಕ್ಕಿಂತ ಎಲ್ಲಿ ತಾಗಿತೆಂಬುದು ಮುಖ್ಯವೆನ್ನುವವನು. ಅವನ ಪತ್ನಿ ಎಲಿನರ್ ಆ ಹಳೆಯ 7 ಮಿಲಿಮೀಟರ್ ಮೌಸರ್ ತೋಟಾವನ್ನೇ ಬಳಸಿ ಗಂಡನ ವಾದವನ್ನು ಅವನಿಗಿಂತ ಚೆನ್ನಾಗಿ ಸಮರ್ಥಿಸಿದಳೆನ್ನಬಹುದು. 1955ರಲ್ಲಿ ಬಂದ .243 ಜಿಂಕೆಬೇಟೆ ಕಲಿಯುವ ಹುಡುಗರ ಬಂದೂಕೆಂದೇ ಹೆಸರಾಯಿತು. ಅದಕ್ಕೂ ಮುನ್ನ ಕಾಗದದ ಗುರಿಗೆ .22ರಲ್ಲಿ ಸಾವಿರಾರು ಗುಂಡು ಹಾರಿಸಿ ಉಸಿರು, ಕಣ್ಣು, ಬೆರಳು ಒಂದಾಗಬೇಕು. ಇತ್ತ ಕೆಳಗಿನ ಎಲ್ಲೆಯನ್ನೂ ಕಾನೂನು ಗುರುತಿಸಿದೆ. ಇಂಗ್ಲೆಂಡಿನಲ್ಲಿ ದೊಡ್ಡ ಜಿಂಕೆಗಳಿಗೆ .240ಕ್ಕಿಂತ ಸಣ್ಣ ರೈಫಲ್ ಸಲ್ಲದು. ಜರ್ಮನಿಯಲ್ಲಿ ಸಣ್ಣ ರೋ ಜಿಂಕೆಯನ್ನುಳಿದು ಬೇರೆ ಗೊರಸಿನ ಮೃಗಗಳಿಗೆ 6.5 ಮಿಲಿಮೀಟರಿಗಿಂತ ಕಡಿಮೆ ಕೂಡದು, ಬೇಟೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಪರವಾನಗಿಯೂ ಇಲ್ಲ. ಮೇಲಿನ ಎಲ್ಲೆಯನ್ನು ಹುಡುಗನ ಹೆಗಲು ಹೇಳಬೇಕು, ಕೆಳಗಿನದನ್ನು ಮೃಗದ ಮೈ. ಬಂದೂಕು ಕೊಡಿಸುವ ತಂದೆಯ ಪ್ರತಿಷ್ಠೆಗೆ ಈ ಲೆಕ್ಕದಲ್ಲಿ ಸ್ಥಾನವಿರಬಾರದು. ಇತಿಹಾಸದಲ್ಲಿ ಬಹಳ ಕಡೆ ಇದ್ದದ್ದು ಅದೇ.

ಕೊಡಗಿನಲ್ಲಿ ಕೋವಿ ಇಂದಿಗೂ ಮನೆಯ ವಸ್ತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆಯುಧ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜಿಸುತ್ತಾರೆ. ಅನಂತರ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಬೇಟೆ ನಿಂತಿದ್ದರೂ ಗುರಿಯ ವಿದ್ಯೆ ಅಲ್ಲಿ ನಿಂತಿಲ್ಲ, ಮತ್ತು ಕಾಯಿಗೆ ಗಾಯದ ನೋವಿಲ್ಲ.

ಕಾರ್ಬೆಟ್ಟರ ಬಗ್ಗೆ ಇನ್ನೊಂದು ಮಾತು ಹೇಳಬೇಕು. 1930ರಲ್ಲಿ ಚೌಗಢದ ನರಭಕ್ಷಕಿಯನ್ನು ಹುಡುಕುತ್ತ ಹಳ್ಳವೊಂದರಲ್ಲಿ ಇಳಿಯುತ್ತಿದ್ದಾಗ ಅವರ ಎಡಗೈಯಲ್ಲಿ ಅಪರೂಪದ ಹಕ್ಕಿಯ ಎರಡು ಮೊಟ್ಟೆಗಳಿದ್ದವು. ಬಂಡೆಯೊಂದನ್ನು ಬಳಸಿ ಹಿಂದೆ ತಿರುಗಿ ನೋಡಿದರೆ ಎಂಟು ಅಡಿಗಳಲ್ಲಿ ಹುಲಿ! ಬಲಗೈಯೊಂದರಲ್ಲಿಯೇ ಬಂದೂಕನ್ನು ಮೆಲ್ಲಮೆಲ್ಲನೆ ಮುಕ್ಕಾಲು ಸುತ್ತು ತಿರುಗಿಸಿ, ಹೆಗಲಿಗೆ ಏರಿಸದೆ ಪಕ್ಕೆಗೊತ್ತಿಕೊಂಡೇ ಗುಂಡು ಹಾರಿಸಿದರು. ಬದುಕಿ ಉಳಿದದ್ದಕ್ಕೆ ಅವರು ಕೊಟ್ಟ ಕಾರಣಗಳಲ್ಲಿ ಮೊಟ್ಟೆಗಳೂ ಒಂದು. ಅವು ಕೈಯಲ್ಲಿ ಇಲ್ಲದಿದ್ದರೆ ಅವಸರದಿಂದ ತಿರುಗುತ್ತಿದ್ದರಂತೆ. ಇನ್ನೊಂದು ಕಾರಣ, ಅಂದು ಅವರು ಹಿಡಿದಿದ್ದ ಬಂದೂಕು ಹಗುರವಾಗಿದ್ದದ್ದು. ಗುಂಡು ಹಾರಿಸಿದ ಮೇಲೆ ಮೊಟ್ಟೆಗಳನ್ನು ಕೊಂಡುಹೋಗಿ ಗೂಡಿದ್ದ ಜಾಗದಲ್ಲಿಯೇ ಇಟ್ಟರು. ಅರ್ಧ ಗಂಟೆಯ ಅನಂತರ ನೋಡಿದಾಗ ತಾಯಿಹಕ್ಕಿ ಅವುಗಳ ಮೇಲೆ ಕಾವಿಗೆ ಕುಳಿತಿತ್ತು.