‘ಮಗ ಆಡ್ತೈತೇನೆ?’: ಒಂದು ಪ್ರಶ್ನೆಯ ಚರಿತ್ರೆ

ಐದು ತಿಂಗಳು ತುಂಬುವ ಹೊತ್ತಿಗೆ ದೊಡ್ಡೇರಿಗೆ ಹೋಗಿದ್ದೆ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದ ಅಜ್ಜಿ ನನ್ನನ್ನು ಕಂಡವಳೇ ಕೇಳಿದ್ದು ಒಂದೇ ಮಾತು: “ಮಗ ಆಡ್ತೈತೇನೆ?” ಇಲ್ಲವೆಂದು ತಲೆಯಾಡಿಸಿದೆ. ಪಕ್ಕದ ಮನೆಯ ಅತ್ತೆ, “ನಂಗೆ ನಾಕೂವರೆ ತಿಂಗ್ಳಿಗೇ ಗೊತ್ತಾಗಿತ್ತಪ್ಪ” ಅಂದರು. ಅಜ್ಜಿ ಅವರಿಗೆ ಉತ್ತರ ಕೊಡಲಿಲ್ಲ. ನನ್ನನ್ನು ಒಳಗೆ ಕರೆದು ಮಲಗಿಸಿ, ಹೊಕ್ಕುಳ ಸುತ್ತ ಕೈಯಾಡಿಸಿ, “ಹೊಕ್ಳತಂಕ ಬಂದೈತೆ. ಬೆಳೀತೈತೆ ಬಿಡು” ಅಂದಳು. ಆದರೂ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮುಂದಿನ ವಾರ ಸ್ಕ್ಯಾನಿಂಗ್. ಪರದೆಯ ಮೇಲೆ ಮಗು ಕೈಕಾಲು ಬಡಿಯುತ್ತಿತ್ತು. ಅದೇ ಹೊತ್ತಿನಲ್ಲಿ ನನ್ನ ಹೊಟ್ಟೆಯೊಳಗೆ ನನಗೆ ಏನೂ ತಿಳಿಯುತ್ತಿರಲಿಲ್ಲ. ರಿಪೋರ್ಟಿನಲ್ಲಿ ‘ಪ್ಲಾಸೆಂಟಾ ಆಂಟೀರಿಯರ್’ ಎಂದಿತ್ತು. ಪ್ಲಾಸೆಂಟಾ ಎಂದರೆ ಮಾಸು. ಹೆರಿಗೆಯಾದ ಮೇಲೆ ‘ಕಸ ಬಿತ್ತಾ’ ಎಂದು ಕೇಳುತ್ತಾರಲ್ಲ, ಅದು. ನನ್ನಲ್ಲಿ ಅದು ಗರ್ಭಕೋಶದ ಮುಂದಿನ ಗೋಡೆಗೆ, ಹೊಟ್ಟೆಯ ಕಡೆಗೆ ಅಂಟಿಕೊಂಡಿದೆ. ಇದು ಕಾಯಿಲೆಯಲ್ಲ. ಮಗುವಿನ ಒದೆತಕ್ಕೂ ಹೊಟ್ಟೆಯ ಗೋಡೆಗೂ ನಡುವೆ ಒಂದು ದಿಂಬು ಇಟ್ಟಂತೆ, ಅಷ್ಟೆ. ಚೊಚ್ಚಲ ಬಸುರಿಯಲ್ಲಿ ಮಗುವಿನ ಆಟ ಸಾಮಾನ್ಯವಾಗಿ 18ರಿಂದ 20 ವಾರಗಳ ಹೊತ್ತಿಗೆ ತಿಳಿಯುತ್ತದೆ. ಮಾಸು ಮುಂದಿದ್ದರೆ ಇನ್ನೂ ಕೆಲವು ವಾರ ತಡವಾಗಬಹುದು.

ನಾನು ಓದುತ್ತಿರುವುದು ವಸಾಹತು ಕಾಲದ ಕಾನೂನಿನ ಚರಿತ್ರೆ. ರಿಪೋರ್ಟ್ ಕೈಯಲ್ಲಿ ಹಿಡಿದು ಬರುವಾಗ, ಹಲವು ಸಲ ಓದಿದ್ದ ಒಂದು ಕಲಂ ಬೇರೆಯದೇ ಅರ್ಥದಲ್ಲಿ ನೆನಪಾಯಿತು. 1860ರ ಭಾರತೀಯ ದಂಡ ಸಂಹಿತೆಯ 312ನೇ ಕಲಂ ಗರ್ಭಪಾತಕ್ಕೆ ಎರಡು ಬಗೆಯ ಶಿಕ್ಷೆ ಹೇಳುತ್ತಿತ್ತು. ಬಸುರಿಯಾಗಿದ್ದರೆ ಮೂರು ವರ್ಷದವರೆಗೆ ಸೆರೆ. ಆಕೆ ‘ಕ್ವಿಕ್ ವಿತ್ ಚೈಲ್ಡ್’ ಆಗಿದ್ದರೆ ಏಳು ವರ್ಷದವರೆಗೆ. ‘ಕ್ವಿಕ್’ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಜೀವಂತ. ಮಗುವಿನ ಮಿಸುಕಾಟ ತಾಯಿಗೆ ತಿಳಿದ ಹಂತ ಎಂದೇ ಕಾನೂನಿನ ವ್ಯಾಖ್ಯಾನಕಾರರು ಇದನ್ನು ವಿವರಿಸಿದರು.

ಇದರ ಬೇರು ಇಂಗ್ಲೆಂಡಿನಲ್ಲಿದೆ. ತಾಯಿಯ ಗರ್ಭದಲ್ಲಿ ಮಗು ಅಲುಗಾಡಬಲ್ಲ ಹೊತ್ತಿನಿಂದ ಕಾನೂನಿನ ಕಣ್ಣಿಗೆ ಜೀವ ಶುರುವಾಗುತ್ತದೆ ಎಂದು ವಿಲಿಯಂ ಬ್ಲ್ಯಾಕ್‌ಸ್ಟನ್ 1765ರಲ್ಲಿ ಬರೆದ. ಅಲ್ಲಿ ಮರಣದಂಡನೆಗೆ ಗುರಿಯಾದ ಹೆಂಗಸು ತಾನು ಬಸುರಿ ಎಂದು ಹೇಳಿಕೊಂಡರೆ ಹನ್ನೆರಡು ಹೆಂಗಸರು ಅವಳನ್ನು ಪರೀಕ್ಷಿಸುತ್ತಿದ್ದರು. ಬರಿಯ ಬಸುರು ಸಾಲದು, ಮಗು ಮಿಸುಕಾಡುವ ಬಸುರು ಎಂದು ಅವರು ಹೇಳಿದರೆ ಮಾತ್ರ ಗಲ್ಲು ಮುಂದಕ್ಕೆ ಹೋಗುತ್ತಿತ್ತು. ಈ ಪದ್ಧತಿ ಕೊನೆಗೊಂಡದ್ದು 1931ರಲ್ಲಿ.

ಹಾಗಾದರೆ ಮಾಸು ಮುಂದಿದ್ದ ಹೆಂಗಸರ ಗತಿ ಏನು? ಒಂದೇ ದಿನ ಗರ್ಭ ಕಟ್ಟಿದ ಇಬ್ಬರಲ್ಲಿ ಒಬ್ಬಳಿಗೆ 18ನೇ ವಾರಕ್ಕೆ, ಇನ್ನೊಬ್ಬಳಿಗೆ 22ನೇ ವಾರಕ್ಕೆ ಒದೆತ ತಿಳಿದರೆ, ನಡುವಿನ ನಾಲ್ಕು ವಾರ ಕಾನೂನಿಗೆ ಅವರು ಬೇರೆ ಬೇರೆ. ಮಕ್ಕಳಲ್ಲಿ ವ್ಯತ್ಯಾಸವಿಲ್ಲ, ವ್ಯತ್ಯಾಸ ಇರುವುದು ಮಾಸು ಎಲ್ಲಿ ಅಂಟಿದೆ ಎನ್ನುವುದರಲ್ಲಿ. ಗಲ್ಲಿನ ಮುಂದೆ ನಿಂತವಳ ಪಾಲಿಗೆ ಈ ತಡ ಪ್ರಾಣದ ಪ್ರಶ್ನೆ. ತಿಳಿಯುವುದನ್ನೇ ಇರುವುದೆಂದು ಭಾವಿಸಿದ ಕಾನೂನಿಗೆ ಈ ಸಂಗತಿ ಕಾಣಲೇ ಇಲ್ಲ. 1958ರಲ್ಲಿ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಅಲ್ಟ್ರಾಸೌಂಡ್ ಚಿತ್ರಗಳನ್ನು ಪ್ರಕಟಿಸಿದರು. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ವಾರಗಳನ್ನು ಎಣಿಸಿತು. ಆದರೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಮಿನಲ್ಲಿ ಆ ಹಳೆಯ ಪದಗಳು ಹಾಗೆಯೇ ಉಳಿದಿವೆ.

ನಮ್ಮ ಸೀಮೆಯ ಸೂಲಗಿತ್ತಿಯರು ಒಂದೇ ಗುರುತಿಗೆ ಕಾಯುತ್ತಿರಲಿಲ್ಲ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಈ ವಿದ್ಯೆಯನ್ನು ಕಲಿತದ್ದು ತಮ್ಮ ಅಜ್ಜಿಯಿಂದ. ಶಾಲೆಯ ಮುಖ ಕಾಣದ ಅವರು ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆ ಎಂದು ಹೇಳುತ್ತಿದ್ದರು. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೂ ಹಣ ಮುಟ್ಟಲಿಲ್ಲ. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಇಷ್ಟು ಕೈಗುಣವಿದ್ದ ನರಸಮ್ಮನವರೇ ಹೆತ್ತ ಹನ್ನೆರಡು ಮಕ್ಕಳಲ್ಲಿ ನಾಲ್ಕು ಎಳವೆಯಲ್ಲೇ ಹೋದವು. ಮಾಸು ಮುಂದಿದ್ದರೆ ಪಳಗಿದ ಕೈಗೂ ಮಗುವಿನ ಅಂಗಗಳು ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಹಳೆಯದೆಲ್ಲ ಚೆನ್ನಾಗಿತ್ತು ಎನ್ನಲಾರೆ. ಆದರೆ ನನ್ನ ಅಜ್ಜಿ ನೋಡಿದ್ದು ಒದೆತವನ್ನಲ್ಲ, ಬಸಿರಿನ ಎತ್ತರವನ್ನು. 20 ವಾರಕ್ಕೆ ಗರ್ಭಕೋಶ ಹೊಕ್ಕುಳ ಮಟ್ಟಕ್ಕೆ ಬರುತ್ತದೆ ಎಂದು ವೈದ್ಯರ ಪುಸ್ತಕವೂ ಹೇಳುತ್ತದೆ.

22ನೇ ವಾರದ ಒಂದು ಸಂಜೆ, ಲೈಬ್ರರಿಯಲ್ಲಿ ಕೂತಿದ್ದಾಗ, ಕೆಳಹೊಟ್ಟೆಯ ಎಡ ಮಗ್ಗುಲಲ್ಲಿ ಮೀನು ಬಾಲ ಬಡಿದಂತಾಯಿತು. ಮಾಸು ಇಲ್ಲದ ಕಡೆಯಿಂದಲೇ ಸುದ್ದಿ ಬಂದಿತ್ತು. ಡಾಕ್ಟರಿಗೆ ಹೇಳಿದೆ. ಅವರು ನಕ್ಕು, ಒಂದು ಎಚ್ಚರಿಕೆಯನ್ನೂ ಕೊಟ್ಟರು: 28 ವಾರ ದಾಟಿದ ಮೇಲೆ ಆಟ ಕಡಿಮೆಯಾದರೆ ‘ಮಾಸು ಮುಂದಿದೆಯಲ್ಲ’ ಎಂದು ಸುಮ್ಮನಿರಬೇಡಿ, ಕೂಡಲೇ ಆಸ್ಪತ್ರೆಗೆ ಬನ್ನಿ.

ಅಜ್ಜಿಗೆ ಫೋನ್ ಮಾಡಿದೆ. “ಈಗ್ಲಿಂದ ದಿನಾ ನೋಡ್ಕಂತಿರು” ಅಂದಳು.