ಹಿನ್ನೀರಿನ ಕೇಬಲ್ ಸೇತುವೆ ಮತ್ತು ಎರೆ ಸೀಮೆಯ ಹಳ್ಳಗಳು

ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಕಟ್ಟಿದ ಸುಮಾರು 2.44 ಕಿ.ಮೀ. ಉದ್ದದ ಸಿಗಂದೂರು ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಬೆಣ್ಣಿಹಳ್ಳ ಉಕ್ಕಿದಾಗಲೆಲ್ಲ ರಸ್ತೆ ಕಡಿದುಹೋಗುವ ನವಲಗುಂದ, ಕುಂದಗೋಳದ ಎರೆ ಸೀಮೆಯವರಿಗೆ ಅದು ಆಸೆ ಹುಟ್ಟಿಸುವ ರಚನೆ. ಆ ಆಸೆಗೆ ತಾಂತ್ರಿಕ ಆಧಾರವಿದೆಯೇ?

ಕೇಬಲ್ ಸೇತುವೆಯಲ್ಲಿ ಹಾಸಿನ ಭಾರವನ್ನು ಓರೆ ಕೇಬಲ್‌ಗಳು ಎಳೆತವಾಗಿ ಗೋಪುರಕ್ಕೆ ಒಯ್ಯುತ್ತವೆ; ಗೋಪುರ ಅದನ್ನು ಒತ್ತಡವಾಗಿ ಅಡಿಪಾಯಕ್ಕೆ ಇಳಿಸುತ್ತದೆ. ಕೇಬಲ್ ಓರೆಯಾದ್ದರಿಂದ ಹಾಸಿನ ಮೇಲೂ ಉದ್ದುದ್ದ ಒತ್ತಡ ಬೀಳುತ್ತದೆ. ಎಳೆತಕ್ಕೆ ಬಿರಿಯುವ ಕಾಂಕ್ರೀಟಿಗೆ ಈ ಒತ್ತಡ ಅನುಕೂಲವೇ. ಸಿಗಂದೂರಿನದು ಅಚ್ಚ ಕೇಬಲ್ ಸೇತುವೆಯಲ್ಲ, ಎಕ್ಸ್‌ಟ್ರಾಡೋಸ್ಡ್ ಬಗೆಯದು: ಗೋಪುರ ಗಿಡ್ಡ, ಹಾಸು ತಾನೇ ಬಿಗಿ, ಭಾರದ ಒಂದು ಪಾಲಷ್ಟೇ ಕೇಬಲ್‌ಗಳದು. ಕಂಬದ ಎರಡೂ ಬದಿಗೆ ಸಮತೂಕದಲ್ಲಿ ತುಂಡುತುಂಡಾಗಿ ಹಾಸನ್ನು ಚಾಚುತ್ತ ಹೋಗುವ ವಿಧಾನ ಇಲ್ಲಿಯದು. ಆಳದ ನೀರಿನ ತಳದಿಂದ ಸಾರುವೆ ಎಬ್ಬಿಸುವ ಗೋಜು ಅದರಿಂದ ತಪ್ಪುತ್ತದೆ. ಕೇಬಲ್ ಬೇಕಾದದ್ದು ಚೆಂದಕ್ಕಲ್ಲ, ನೀರಿನೊಳಗಿನ ಕಂಬಗಳನ್ನು ಕಡಿಮೆ ಮಾಡಲಿಕ್ಕೆ.

ಸೇತುವೆಯ ಪರಿಣಾಮವನ್ನು ಸಿಗಂದೂರು ದೇವಸ್ಥಾನದ ಯಾತ್ರಿಕರ ಸಂಖ್ಯೆಯಿಂದ ಅಳೆಯುವುದು ಸಾಲದು. 1964ರ ಲಿಂಗನಮಕ್ಕಿ ಅಣೆಕಟ್ಟೆಯಿಂದ ತುಮರಿ, ಕರೂರು ಸುತ್ತಿನ ಹಳ್ಳಿಗಳು ತಾಲ್ಲೂಕು ಕೇಂದ್ರ ಸಾಗರದಿಂದ ಬೇರ್ಪಟ್ಟವು. ಕತ್ತಲಾದ ಮೇಲೆ ಲಾಂಚ್ ಇರುತ್ತಿರಲಿಲ್ಲ. ಬೇಸಿಗೆಯಲ್ಲಿ ನೀರಿಳಿದರೆ ವಾಹನ ದಾಟಿಸುವುದೂ ನಿಲ್ಲುತ್ತಿತ್ತು. ರಾಜ್ಯಕ್ಕೆ ವಿದ್ಯುತ್ ಕೊಟ್ಟ ಜಲಾಶಯದ ದಂಡೆಯವರು ದಾರಿಗಾಗಿ ಆರು ದಶಕ ಕಾದರು ಎಂಬುದನ್ನು ಎಂಜಿನಿಯರಿಂಗ್ ಸಾಧನೆಯ ವರದಿಗಳು ಬೇಗ ದಾಟಿಬಿಡುತ್ತವೆ.

ಬೆಣ್ಣಿಹಳ್ಳದ ಸ್ವಭಾವವೇ ಬೇರೆ. ಬೇಸಿಗೆಯಲ್ಲಿ ಸಣ್ಣ ಹರಿವು. ಮಳೆ ಹಿಡಿದರೆ ದಂಡೆ ಮೀರಿ ಸಮತಟ್ಟು ಹೊಲಗಳ ಮೇಲೆ ಹರಡುತ್ತದೆ. 2019ರ ಆಗಸ್ಟ್ ನೆರೆಯಲ್ಲಿ ಕಂಡದ್ದೂ ಈ ಹರಡುವಿಕೆಯೇ. ಇಲ್ಲಿ ಸಮಸ್ಯೆ ಆಳದ್ದಲ್ಲ, ಅಗಲದ್ದು. ನಡುವೆ ಉದ್ದನೆಯ ಕೇಬಲ್ ಹಾಸನ್ನಿಟ್ಟು ಎರಡೂ ಕಡೆ ಎತ್ತರದ ಮಣ್ಣಿನ ಏರಿ ಹಾಕಿದರೆ ಆ ಏರಿಯೇ ಒಡ್ಡಾಗಿ ಮೇಲಿನ ಹೊಲಗಳಲ್ಲಿ ನೀರು ನಿಲ್ಲುತ್ತದೆ. ಸಾಧಾರಣ ಕಾಂಕ್ರೀಟ್ ತೊಲೆಗಳ, ಹಲವು ಕಣ್ಣುಗಳ ಸೇತುವೆಯೇ ಈ ಬಯಲಿಗೆ ಮೇಲು. ಹಸಿಯಾದರೆ ಉಬ್ಬಿ, ಒಣಗಿದರೆ ಬಿರಿಯುವ ಎರೆ ಮಣ್ಣಿನಲ್ಲಿ ಅಡಿಪಾಯವನ್ನು ಆ ಪದರದ ಕೆಳಗಿನ ಗಟ್ಟಿ ನೆಲಕ್ಕೆ ಇಳಿಸಬೇಕು. ಹಣ ಹೋಗಬೇಕಾದದ್ದು ಗೋಪುರಕ್ಕಲ್ಲ, ಈ ಅಡಿಪಾಯಕ್ಕೆ. ಉಳಿದದ್ದು ತುಪರಿಹಳ್ಳ ಬಂದು ಕೂಡುವ ಬಯಲಿನಂಥ ಕಡೆಗಳಲ್ಲಿ ರಸ್ತೆ ಏರಿಯಡಿ ಹೆಚ್ಚುವರಿ ನೀರುಗಂಡಿಗಳಿಗೆ.